ಏಜೆಂಟ್ ಕಡೆಯವನು ನನ್ನ ಬ್ಯಾಗಿನಿಂದ ಕಟಿಂಗ್ ಪ್ಲೇಯರ್ ತೆಗೆಸಿದ. ಅವತ್ತೇ ವಾಪಸ್ ಬರಬೇಕಿತ್ತು

ದುಬೈ ಕೆಲಸ ಅಂತ ಹೋಗಿ ಮೋಸ ಹೋದದ್ದನ್ನು ಬರೆಯೋಕೆ ಇಷ್ಟು ದಿನ ನಾಚಿಕೆ ಬಿಟ್ಟಿರಲಿಲ್ಲ. ಆದರೆ ಹೋದ ವಾರ ನಮ್ಮ ಓಣಿಯ ಹುಡುಗ ಒಬ್ಬ ಫೋನಿನಲ್ಲಿ ದುಬೈ ಆಫರ್ ಲೆಟರ್ ತೋರಿಸಿದ. ಅದೇ ನೀಲಿ ಲೋಗೋ, ಅದೇ 1,800 ದಿರ್ಹಾಮ್ ಪಗಾರ, ಅದೇ 'ಊಟ, ರೂಮ್ ಫ್ರೀ'. ನನ್ನ ಲೆಟರ್‌ನಲ್ಲಿ ಇದ್ದ ಸ್ಪೆಲಿಂಗ್ ತಪ್ಪು ಕೂಡ ಹಾಗೇ ಇತ್ತು. ಎಲೆಕ್ಟ್ರಿಷಿಯನ್ ಅನ್ನೋ ಜಾಗದಲ್ಲಿ ಪ್ಲಂಬರ್ ಅಂತ ಮಾಡಿದ್ದರು, ಅಷ್ಟೇ. ಹಾಗಾಗಿ ಬರೀತಿದ್ದೇನೆ.

ನನ್ನ ಊರು ಹುಮನಾಬಾದ್ ಹತ್ತಿರ. ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿ ಬೀದರದ ಕೊಳಾರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕಾಂಟ್ರಾಕ್ಟ್ ಮೇಲೆ ಇದ್ದೆ. ತಿಂಗಳಿಗೆ 11,000. ನಮ್ಮ ಕಡೆ ದುಬೈ, ಸೌದಿ ಅಂದ್ರೆ ದೂರದ ದೇಶ ಅನ್ನಿಸಲ್ಲ. ಯಾರದಾದರೂ ಅಣ್ಣನೋ ಮಾವನೋ ಅಲ್ಲಿರುತ್ತಾನೆ. ಅವರು ರಜೆಗೆ ಬಂದಾಗ ತರೋ ದಪ್ಪ ಕಂಬಳಿ, ಖರ್ಜೂರದ ಡಬ್ಬಿ, ಸೆಂಟು, ಇವನ್ನೆಲ್ಲ ನೋಡಿಕೊಂಡೇ ನಾವು ದೊಡ್ಡವರಾಗಿದ್ದು. ಅವರಲ್ಲಿ ಎಷ್ಟು ಮಂದಿ ಮೊದಲ ಸಲ ಹೋಗಿ ಖಾಲಿ ಕೈಯಲ್ಲಿ ಬಂದಿದ್ದರು ಅನ್ನೋದು ಯಾರೂ ಹೇಳಿರಲಿಲ್ಲ. ನಾನು ವಾಪಸ್ ಬಂದ ಮೇಲೆ ಒಬ್ಬೊಬ್ಬರಾಗಿ ಹೇಳಿದರು!

ಏಜೆಂಟ್ ಆಫೀಸು ಒಂದು ಮೊಬೈಲ್ ಅಂಗಡಿಯ ಮೇಲಿನ ಖೋಲಿ. ಬೋರ್ಡಿನ ಮೇಲೆ ಟೂರ್ಸ್ ಅಂಡ್ ಟ್ರಾವೆಲ್ಸ್ ಅಂತ ಇತ್ತು. ನೌಕರಿ ಅನ್ನೋ ಶಬ್ದ ಎಲ್ಲೂ ಇರಲಿಲ್ಲ, ಆಗ ನಾನು ಅದನ್ನು ಗಮನಿಸಲಿಲ್ಲ. ಗೋಡೆ ತುಂಬ ವಿಮಾನದ ಫೋಟೋ, ಹೋದವರ ಪಾಸ್‌ಪೋರ್ಟ್ ಜೆರಾಕ್ಸು. ಒಟ್ಟು 1,15,000 ಅಂದ. 20,000 ಫೋನ್‌ಪೇ ಮಾಡಿದೆ, ಉಳಿದದ್ದೆಲ್ಲ ಕ್ಯಾಶ್. ಅಪ್ಪ ಆ ವರ್ಷದ ತೊಗರಿ ಮಾರಿದ ರೊಕ್ಕ ಕೊಟ್ಟರು, ಸಾಲದೆ ಬಂದದ್ದಕ್ಕೆ ಅಕ್ಕನ ಗಂಡನ ಹತ್ತಿರ ಕೈಗಡ ತಂದೆವು. ರಸೀದಿ ಕೇಳಿದ್ದಕ್ಕೆ, "ನಿಮ್ಮಪ್ಪ ನನಗೆ ಗೊತ್ತಿಲ್ವಾ? ಭರೋಸ ಇಲ್ಲಾಂದ್ರೆ ರೊಕ್ಕ ವಾಪಸ್ ತಗೊಂಡು ಹೋಗು" ಅಂದ. ಅಪ್ಪ ನನ್ನ ಕಡೆಯೇ ಸಿಟ್ಟಿನಿಂದ ನೋಡಿದರು.

ಕೆಲಸಕ್ಕೆ ವಿಸಿಟ್ ವೀಸಾ ಯಾಕೆ ಅಂತ ಕೇಳಿದ್ದೆ, ಅಷ್ಟು ಬುದ್ಧಿ ಇತ್ತು. ಕೆಲಸದ ವೀಸಾಗೆ ಎರಡು ತಿಂಗಳು ಕಾಯಬೇಕು, ನೀನು ಹೋಗಿ ಕೆಲಸ ಶುರು ಮಾಡು, ಕಂಪನಿಯವರು ಅಲ್ಲೇ ಚೇಂಜ್ ಮಾಡಿಸ್ತಾರೆ ಅಂದ. ಇದರಲ್ಲಿ ಅರ್ಧ ಖರೆ ಇದೆ, ಅದಕ್ಕೇ ಜನ ಬೀಳ್ತಾರೆ. ಅಲ್ಲಿ ಕಂಪನಿ ಮನಸ್ಸು ಮಾಡಿದರೆ ವಿಸಿಟ್‌ನಿಂದ ಕೆಲಸದ ವೀಸಾಗೆ ಬದಲಾಯಿಸಬಹುದು, ಹಾಗೆ ಸೆಟಲ್ ಆದವರೂ ಇದ್ದಾರೆ. ಅದಕ್ಕೆ ಮೊದಲು ಒಂದು ಕಂಪನಿ ಬೇಕಲ್ಲ! ಕೆಲಸದ ಪರ್ಮಿಟ್ ಕೈಗೆ ಬರೋವರೆಗೆ ಒಂದು ದಿನ ಕೆಲಸ ಮಾಡಿದರೂ ಅಲ್ಲಿ ಅದು ಅಪರಾಧ. ಇದನ್ನು ಅವನು ಹೇಳಲಿಲ್ಲ.

2023ರ ಜೂನ್. ರಾತ್ರಿ ಬಸ್ಸಿಗೆ ಹೈದರಾಬಾದ್‌ಗೆ ಹೋದೆ. ಶಂಷಾಬಾದ್ ಏರ್‌ಪೋರ್ಟ್ ಪಾರ್ಕಿಂಗ್‌ನಲ್ಲಿ ಏಜೆಂಟ್ ಕಡೆಯ ಹುಡುಗ ನಿಂತಿದ್ದ. ಬ್ಯಾಗ್ ಬಿಚ್ಚು ಅಂದ. ಒಳಗೆ ಎರಡು ಜೊತೆ ಬಟ್ಟೆ, ಅವ್ವ ಕಟ್ಟಿದ ಶೇಂಗಾ ಹಿಂಡಿ, ಖಡಕ್ ರೊಟ್ಟಿ, ಕೆಳಗೆ ಟವೆಲ್‌ನಲ್ಲಿ ಸುತ್ತಿದ ನನ್ನ ಸಾಮಾನು: ಕಟಿಂಗ್ ಪ್ಲೇಯರ್, ಟೆಸ್ಟರ್, ಸ್ಕ್ರೂಡ್ರೈವರ್ ಸೆಟ್. ಪ್ಲೇಯರ್ ಹಿಡಿಯ ಕೆಂಪು ರಬ್ಬರ್ ಒಂದು ಕಡೆ ಸುಟ್ಟು ಕಪ್ಪಾಗಿತ್ತು, ಐಟಿಐ ಎರಡನೇ ವರ್ಷದಲ್ಲಿ ಶಾರ್ಟ್ ಆದಾಗ ಆದದ್ದು. ಅವನು ಅದನ್ನು ಎತ್ತಿ ಹಿಡಿದು ನಕ್ಕ. "ಘೂಮಾಕ (ತಿರುಗಾಡೋಕೆ) ಹೋಗಾವ ಪ್ಲೇಯರ್ ಒಯ್ತಾನೇನೋ?" ಎಲ್ಲ ತೆಗೆಸಿದ. ಐಟಿಐ ಸರ್ಟಿಫಿಕೇಟ್ ಕೂಡ ಫೈಲಿನಿಂದ ತೆಗೆಸಿದ, ಫೋಟೋ ಹೊಡೆದು ಫೋನಿನಲ್ಲಿ ಇಟ್ಕೋ ಅಂದ. ಆಮೇಲೆ ಒಂದು ಹೋಟೆಲ್ ಬುಕಿಂಗ್ ಕಾಗದ, ಒಂದು ರಿಟರ್ನ್ ಟಿಕೆಟ್ ಕಾಗದ ಕೊಟ್ಟ. ಇಮಿಗ್ರೇಶನ್‌ನಲ್ಲಿ ಕೇಳಿದರೆ ಬುರ್ಜ್ ಖಲೀಫಾ ನೋಡೋಕೆ ಅನ್ನು, ಕೆಲಸ ಅನ್ನೋ ಮಾತು ಬಾಯಲ್ಲಿ ಬರಬಾರದು ಅಂತ ಮೂರು ಸಲ ಹೇಳಿಸಿದ. ನಾನು ಸ್ಕೂಲ್ ಹುಡುಗನ ಹಾಗೆ ಒಪ್ಪಿಸಿದೆ.

ಇಲ್ಲಿ ಒಂದು ವಿಷಯ ತಿಳ್ಕೊಳ್ಳಿ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್‌ನಲ್ಲಿ ಇಸಿಆರ್ (ಎಮಿಗ್ರೇಶನ್ ಚೆಕ್ ರಿಕ್ವೈರ್ಡ್, ಅಂದರೆ ಕೆಲಸಕ್ಕೆ ಹೋಗೋ ಮೊದಲು ಸರ್ಕಾರದ ತಪಾಸಣೆ ಬೇಕು) ಅಂತ ಇರುತ್ತದೆ. ಅವರು ಯುಎಇ, ಸೌದಿ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಅನ್ನೋ ಭಾರತ ಸರ್ಕಾರದ ಆಫೀಸಿನ ಕ್ಲಿಯರೆನ್ಸ್ ಬೇಕು. ನಮಗೆ ಹತ್ತಿರದ್ದು ಹೈದರಾಬಾದ್‌ನದು. ಆ ಕ್ಲಿಯರೆನ್ಸ್‌ಗೆ ಕೆಲಸದ ಕಾಂಟ್ರಾಕ್ಟ್ ತೋರಿಸಬೇಕು, 10 ಲಕ್ಷದ ಇನ್ಶೂರೆನ್ಸ್ ಮಾಡಿಸಬೇಕು. ನನ್ನ ಹಾಗೆ ಹತ್ತನೇ ಪಾಸಾದವರಿಗೆ ಆ ತ್ರಾಸು ಇಲ್ಲ. ಅದು ಒಳ್ಳೇದು ಅಂದ್ಕೊಂಡಿದ್ದೆ. ಆದರೆ ನನ್ನ ಕಾಗದ ಖರೆನೋ ಸುಳ್ಳೋ ಅಂತ ದಾರಿಯಲ್ಲಿ ಒಬ್ಬರೂ ನೋಡಲ್ಲ ಅನ್ನೋದು ಅದರ ಇನ್ನೊಂದು ಅರ್ಥ.

ದುಬೈನಲ್ಲಿ ಒಬ್ಬ ಬಂದು ಕರ್ಕೊಂಡು ಹೋದ. ದೇರಾದ ನೈಫ್ ಕಡೆ ಒಂದು ಖೋಲಿ. ಮೂರು ಅಂತಸ್ತಿನ ನಾಲ್ಕು ಕಬ್ಬಿಣದ ಮಂಚ, 12 ಮಂದಿ, ಒಂದು ಬಾತ್‌ರೂಮ್. ಕಂಪನಿ ರೂಮ್ ಖಾಲಿ ಆಗೋವರೆಗೆ ಇಲ್ಲಿರು ಅಂತ ಹೇಳಿ ಬೆಡ್ಡಿಗೆ 650 ದಿರ್ಹಾಮ್ ಅಡ್ವಾನ್ಸ್ ತಗೊಂಡ. ಆಗ ಒಂದು ದಿರ್ಹಾಮ್ ಅಂದ್ರೆ ಸುಮಾರು 22 ರೂಪಾಯಿ, ಲೆಕ್ಕ ಹಾಕಿ. ವೀಸಾ ಪ್ರೊಸೆಸ್‌ಗೆ ಬೇಕು ಅಂತ ಪಾಸ್‌ಪೋರ್ಟ್ ಕೂಡ ಇಸ್ಕೊಂಡ. ಅಲ್ಲಿ ಮಾಲೀಕ ಆದವನು ಕೂಡ ಕೆಲಸದವನ ಪಾಸ್‌ಪೋರ್ಟ್ ಇಟ್ಕೊಳ್ಳೋ ಹಾಗಿಲ್ಲ. ಇವನಂತೂ ಯಾರೂ ಅಲ್ಲ. ಐದನೇ ದಿನದಿಂದ ಫೋನ್ ಎತ್ತೋದು ಬಿಟ್ಟ.

ನಾನೇ ಬನಿಯಾಸ್ ಸ್ಕ್ವೇರ್‌ನಲ್ಲಿ ಮೆಟ್ರೋ ಹತ್ತಿ, ಮತ್ತೆ ಬಸ್ಸು ಹಿಡಿದು ಅಲ್ ಕೂಜ್ ಏರಿಯಾದಲ್ಲಿದ್ದ, ಆಫರ್ ಲೆಟರ್‌ನಲ್ಲಿ ಹೆಸರಿದ್ದ ಆ ಕಂಪನಿಗೆ ಹೋದೆ. ಕಂಪನಿ ಖರೆ ಇತ್ತು! ಅದನ್ನು ನೋಡಿ ಎಷ್ಟು ಖುಷಿ ಆಯ್ತು ಅಂದ್ರೆ ಗೇಟಿನ ಹತ್ತಿರ ನಿಂತು ಕೂದಲು ಬಾಚ್ಕೊಂಡೆ. ಗಾರ್ಡ್ ಮಲಯಾಳಿ. ನನ್ನ ಫೋನಿನಲ್ಲಿದ್ದ ಲೆಟರ್ ನೋಡಿ, "ಈ ತಿಂಗಳಲ್ಲಿ ನೀನು ಆರನೆಯವನು" ಅಂತ ಹಿಂದಿಯಲ್ಲಿ ಹೇಳಿದ. ನೀರು ಕೊಟ್ಟ. ಒಳಗೆ ಬಿಡಲಿಲ್ಲ.

ಆಮೇಲೆ ಕೆಲಸ ಹುಡುಕೋ ಕಥೆ. ದಿನಾ ಸಿವಿ ಜೆರಾಕ್ಸ್ ಹಿಡ್ಕೊಂಡು ಓಡಾಟ. ಅಂಗಡಿ ಅಂಗಡಿ ಕೇಳಿದೆ, ಸೈಟ್ ಸೈಟ್ ಕೇಳಿದೆ. ಎಲ್ಲರ ಮೊದಲ ಪ್ರಶ್ನೆ ಅಲ್ಲಿಯ ಅನುಭವ ಇದೆಯಾ ಅಂತ. ವಿಸಿಟ್‌ನಲ್ಲಿ ಬಂದವರನ್ನೇ ನಂಬಿ ಬದುಕೋ ಇನ್ನೊಂದು ಧಂದೆ ಅಲ್ಲೂ ಇದೆ ಅಂತ ಆಗ ಗೊತ್ತಾಯ್ತು. ಒಂದು ಕಡೆ 'ಇಂಟರ್‌ವ್ಯೂ' ಮಾಡಿದರು. ಚೆಂದದ ಎಸಿ ರೂಮ್, ಟೈ ಹಾಕಿದವನು ಮೂರೇ ಪ್ರಶ್ನೆ ಕೇಳಿ ಸೆಲೆಕ್ಟ್ ಅಂದ. ವೀಸಾ ಕಾಗದ ಟೈಪ್ ಮಾಡಿಸೋಕೆ ಮತ್ತು ಮೆಡಿಕಲ್‌ಗೆ 350 ದಿರ್ಹಾಮ್ ಕಟ್ಟು ಅಂದ. ಕಟ್ಟಿದೆ. ಎರಡು ದಿನ ಬಿಟ್ಟು ಹೋದರೆ ಅದೇ ರೂಮಿನಲ್ಲಿ ಬೇರೆ ಯಾರೋ, ಬೇರೆ ಹೆಸರು. ನೇಮಕಾತಿ ಖರ್ಚನ್ನು ಕೆಲಸಗಾರನಿಂದ ವಸೂಲಿ ಮಾಡಬಾರದು, ಮಾಲೀಕನೇ ಹಾಕಬೇಕು ಅಂತ ಯುಎಇಯ 2021ರ ಕಾರ್ಮಿಕ ಕಾನೂನಿನಲ್ಲೇ ಇದೆ. ಅಂದರೆ ಅಲ್ಲಿ ಯಾರಾದರೂ ಕೆಲಸ ಕೊಡ್ತೀನಿ ಅಂತ ರೊಕ್ಕ ಕೇಳಿದ ಕ್ಷಣವೇ ಎದ್ದು ಬರಬಹುದು. ನನಗೆ ಇದು 350 ಕೊಟ್ಟ ಮೇಲೆ ಗೊತ್ತಾಯ್ತು.

ಎಲ್ಲಕ್ಕಿಂತ ಜಾಸ್ತಿ ಉರಿಯೋದು 'ಟ್ರಯಲ್'. ಒಬ್ಬ ಕಾಂಟ್ರಾಕ್ಟರ್ ಹತ್ತು ದಿನ ಕೆಲಸ ನೋಡ್ತೀನಿ, ಸರಿ ಇದ್ದರೆ ವೀಸಾ ಹಾಕ್ತೀನಿ ಅಂದ. ಜುಲೈ ತಿಂಗಳು. ಅಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸಬಾರದು ಅಂತ ನಿಯಮ ಇದೆ. ಇವನು ಜಾಣ, ನಮ್ಮನ್ನು ಬಿಸಿಲಿಗೆ ಹಾಕಲಿಲ್ಲ. ಕಿಟಕಿಗೆ ಗಾಜು ಕೂಡ ಕೂರಿಸದ ಕಟ್ಟಡದ ಒಳಗೆ, ಫ್ಯಾನ್ ಇಲ್ಲದ ಕಡೆ, ಬೆಳಗ್ಗೆ ಆರರಿಂದ ಸಂಜೆವರೆಗೆ ಕಾಂಡ್ಯೂಟ್ ಪೈಪಿನಲ್ಲಿ ಕೇಬಲ್ ಎಳೆಸಿದ. ಪ್ಲೇಯರ್ ಕೊಡಲಿಲ್ಲ, ನಿಂದು ತಂದಿಲ್ವಾ ಅಂತ ಬೈದ. ಮೊದಲ ಎರಡು ದಿನ ವೈರ್ ಹಲ್ಲಿನಿಂದ ಸುಲಿದೆ. ಮೂರನೇ ದಿನ ನೈಫ್‌ನಲ್ಲಿ 15 ದಿರ್ಹಾಮ್ ಕೊಟ್ಟು ಒಂದು ಪ್ಲೇಯರ್ ತಗೊಂಡೆ. ರಾತ್ರಿ ಖುಬ್ಬೂಸ್‌ಗೆ (ಅಲ್ಲಿಯ ರೊಟ್ಟಿ) ಶೇಂಗಾ ಹಿಂಡಿ ಹಚ್ಚಿಕೊಂಡು ತಿಂತಿದ್ದೆ, ಬೆರಳಿನ ಗಾಯಕ್ಕೆ ಖಾರ ತಾಗಿ ಜೀವ ಹೋಗ್ತಿತ್ತು. ಒಂಬತ್ತನೇ ದಿನ ನೀನು ಆಗಲ್ಲ ಅಂದ. ಒಂಬತ್ತು ದಿನದ ಕೂಲಿ ಕೊಡಿ ಅಂದೆ. ಅವನು ಸಿಟ್ಟಾಗಲಿಲ್ಲ, ಸಮಾಧಾನವಾಗಿ ಹೇಳಿದ: "ಹೋಗಿ ಕಂಪ್ಲೇಂಟ್ ಕೊಡು. ವಿಸಿಟ್ ವೀಸಾದಲ್ಲಿ ಕೆಲಸ ಮಾಡಿದೆ ಅಂತ ನಿನ್ನ ಕೈಯಾರೆ ಬರೆದು ಕೊಡು."

ನಿಂತಲ್ಲೇ ಶಂಷಾಬಾದ್ ಪಾರ್ಕಿಂಗ್ ನೆನಪಾಯ್ತು. ಅಲ್ಲಿ ಹೇಳಿದ ಒಂದು ಸುಳ್ಳು ಇಲ್ಲಿ ನನ್ನ ಬಾಯಿ ಕಟ್ಟಿತ್ತು. ಈಗ ಪರ್ಮಿಟ್ ಇಲ್ಲದವರನ್ನು ಕೆಲಸಕ್ಕೆ ಇಟ್ಕೊಳ್ಳೋ ಮಾಲೀಕರಿಗೆ ದಂಡ ಏರಿಸಿದ್ದಾರೆ. 2024ರ ತಿದ್ದುಪಡಿ ಪ್ರಕಾರ 1 ಲಕ್ಷದಿಂದ 10 ಲಕ್ಷ ದಿರ್ಹಾಮ್. ಒಳ್ಳೇದೇ. ಆದರೂ ಕೈಯಲ್ಲಿ ಕಾಗದ ಇಲ್ಲದವನು ಆಫೀಸಿನ ಬಾಗಿಲು ತಟ್ಟೋಕೆ ಹೆದರ್ತಾನೆ ಅಲ್ವಾ? ಅವರು ನಂಬ್ಕೊಂಡಿರೋದೇ ಆ ಹೆದರಿಕೆಯನ್ನ.

ನಂದು 60 ದಿನದ ವೀಸಾ. ದಾಟಿದರೆ ದಿನಕ್ಕೆ 50 ದಿರ್ಹಾಮ್ ದಂಡ. ಪಾಸ್‌ಪೋರ್ಟ್ ಇಸ್ಕೊಂಡಿದ್ದ ಆ ಮನುಷ್ಯ 50ನೇ ದಿನ ಕಡೆಗೂ ಫೋನಿಗೆ ಸಿಕ್ಕ, ಅದನ್ನು ಕೇಳಿದರೆ 1,000 ದಿರ್ಹಾಮ್ ಕೊಡು ಅಂದ. ನಮ್ಮ ಖೋಲಿಯಲ್ಲಿ ಆಳಂದದ ಕಡೆಯವರು ಒಬ್ಬರಿದ್ದರು, ಡ್ರೈವರ್, ಹಳೇ ಮನುಷ್ಯ. ನನ್ನ ಫೋನ್ ಇಸ್ಕೊಂಡು ಅವನ ಜೊತೆ ಮಾತಾಡಿದರು. ಜಗಳ ಇಲ್ಲ, ಏನಿಲ್ಲ. ದುಬೈನಲ್ಲಿ ಭಾರತ ಸರ್ಕಾರದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ ಇದೆ, ಟೋಲ್ ಫ್ರೀ ನಂಬರ್ 800 46342. ಆ ನಂಬರನ್ನು ಒಂದೊಂದೇ ಅಂಕಿ ಬಿಡಿಸಿ ಅವನಿಗೇ ಓದಿ ಹೇಳಿ, ಮೊದಲು ಇಲ್ಲಿಗೆ ಮಾಡಲೋ ಪೊಲೀಸರಿಗೆ ಮಾಡಲೋ ನೀನೇ ಹೇಳು ಅಂದರು. ಅವತ್ತು ಸಂಜೆನೇ ಪಾಸ್‌ಪೋರ್ಟ್ ಬಂತು. ಇಷ್ಟು ದಿನ ಯಾಕೆ ಸುಮ್ನೆ ಕೂತಿದ್ದೆ ಅಂತ ನನಗೇ ಕಪಾಳಕ್ಕೆ ಹೊಡ್ಕೋಬೇಕು ಅನ್ನಿಸಿತು. ರಿಟರ್ನ್ ಟಿಕೆಟ್ ನಿರೀಕ್ಷೆಯಂತೆ ಕ್ಯಾನ್ಸಲ್ ಆಗಿತ್ತು. ಅಕ್ಕನ ಗಂಡನೇ ಮತ್ತೆ ರೊಕ್ಕ ಹಾಕಿದರು. 57ನೇ ದಿನ ಹೈದರಾಬಾದ್‌ಗೆ ಇಳಿದೆ.

ಹೋಗಬೇಡಿ ಅಂತ ನಾನು ಹೇಳ್ತಿಲ್ಲ. ಪಗಾರ ಇಲ್ಲಿಗಿಂತ ಜಾಸ್ತಿ ಅನ್ನೋದು ಸುಳ್ಳಲ್ಲ. ಆದರೆ ಇ-ಮೈಗ್ರೇಟ್ ಅಂತ ಭಾರತ ಸರ್ಕಾರದ ವೆಬ್‌ಸೈಟ್ ಇದೆ, ರೊಕ್ಕ ಕೊಡೋ ಮೊದಲು ಅದರಲ್ಲಿ ನಿಮ್ಮ ಏಜೆಂಟ್ ಹೆಸರು ಹುಡುಕಿ. ನೋಂದಣಿ ಆದವರ ಪಟ್ಟಿ ಅದರಲ್ಲಿ ಇದೆ. 'ನಾನು ಮುಂಬೈ ಏಜೆಂಟ್ ಕಡೆಯವನು, ಅವರ ಲೈಸೆನ್ಸ್ ಇದೆ' ಅಂದರೆ ನಂಬಬೇಡಿ, 1983ರ ಎಮಿಗ್ರೇಶನ್ ಕಾಯ್ದೆಯಲ್ಲಿ ಸಬ್ ಏಜೆಂಟ್ ಅನ್ನೋದೇ ಇಲ್ಲ. ಲೈಸೆನ್ಸ್ ಇರೋ ಏಜೆಂಟ್ ತಗೋಬಹುದಾದ ಫೀಸು ಹೆಚ್ಚೆಂದರೆ 30,000, ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಬರೋಬ್ಬರಿ 35,400, ಅದೂ ರಸೀದಿ ಸಮೇತ. ನಾನು ಕೊಟ್ಟಿದ್ದು 1,15,000! ಲೈಸೆನ್ಸ್ ಇಲ್ಲದೆ ಈ ಧಂದೆ ಮಾಡಿದರೆ ಅದೇ ಕಾಯ್ದೆಯಲ್ಲಿ ಎರಡು ವರ್ಷದವರೆಗೆ ಜೈಲು, ಎರಡು ಸಾವಿರದವರೆಗೆ ದಂಡ ಅಂತ ಇದೆ. ಎರಡು ಸಾವಿರ! 1983ರಲ್ಲಿ ಅದು ದೊಡ್ಡ ರೊಕ್ಕ ಇದ್ದಿರಬೇಕು.

ಯುಎಇ ಆಫರ್ ಲೆಟರ್ ಅಂದ್ರೆ ವಾಟ್ಸಾಪ್‌ನಲ್ಲಿ ಬರೋ ಫೋಟೋ ಅಲ್ಲ. ಅಲ್ಲಿಯ ಕಾರ್ಮಿಕ ಸಚಿವಾಲಯದ ಮೂಲಕ ಬರೋ ಲೆಟರ್‌ಗೆ ಒಂದು ನಂಬರ್ ಇರುತ್ತದೆ. ಸಚಿವಾಲಯದ ವೆಬ್‌ಸೈಟ್‌ನಲ್ಲಿ ಆ ನಂಬರ್ ಹಾಕಿ ನೋಡಬಹುದು. ಆ ಲೆಟರ್ ಹಿಂದಿ, ಉರ್ದುವಿನಲ್ಲೂ ಸಿಗುತ್ತದೆ. ಕನ್ನಡದಲ್ಲಿ ಇಲ್ಲ, ಆದರೆ ನಮ್ಮ ಬೀದರ, ಕಲಬುರಗಿಯವರಿಗೆ ಅದೇನು ದೊಡ್ಡ ತೊಂದರೆ ಅಲ್ಲ ಬಿಡಿ.

ವಾಪಸ್ ಬಂದು ಪೊಲೀಸರ ಹತ್ತಿರ ಹೋದೆ. ಪುರಾವೆ ಏನಿದೆ ಅಂದರು. ಫೋನ್‌ಪೇ ಮಾಡಿದ 20,000ದ ಸ್ಕ್ರೀನ್‌ಶಾಟ್ ತೋರಿಸಿದೆ. ಏಜೆಂಟ್‌ನನ್ನು ಕರೆಸಿದರು. ಅವನು ಮರ್ಯಾದೆಯಿಂದ ಬಂದು, ಸರಿಯಾಗಿ 20,000 ಎಣಿಸಿ ಟೇಬಲ್ ಮೇಲೆ ಇಟ್ಟ. ಉಳಿದ 95,000 ಅಂದೆ. "ಯಾವ 95,000?" ಅಂದ. ಅಪ್ಪ ಅವತ್ತಿನಿಂದ ಆ ಅಂಗಡಿ ಮುಂದೆ ಹಾದು ಹೋಗಲ್ಲ.

ಈಗ ನಮ್ಮ ಓಣಿ ಹುಡುಗನ ವಿಷಯ. ಇಷ್ಟೂ ಹೇಳಿದೆ. ಇ-ಮೈಗ್ರೇಟ್ ತೆಗೆದು ತೋರಿಸಿದೆ, ಏಜೆಂಟ್ ಹೆಸರು ಅದರಲ್ಲಿ ಇಲ್ಲ. ಹುಡುಗ ಏನಂದ ಗೊತ್ತಾ? "ಅಣ್ಣಾ, ನಿಮ್ಮ ನಸೀಬು ಸರಿ ಇರಲಿಲ್ಲ." ಸಿಟ್ಟು ಬಂತು, ಆದರೆ ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಅಂತಿದ್ದೆ. ಒಂದು ಕೆಲಸ ಮಾಡು, ಏಜೆಂಟ್‌ಗೆ ಫೋನ್ ಮಾಡಿ ನನ್ನ ಪೈಪ್ ಪಾನಾ ಬ್ಯಾಗಿನಲ್ಲಿ ಹಾಕ್ಕೋಬಹುದಾ ಅಂತ ಕೇಳು ಅಂದೆ. ಸ್ಪೀಕರ್ ಮೇಲೆ ಹಾಕಿ ಕೇಳಿದ.

"ಪಾನಾ ಗೀನಾ ಏನೂ ಬ್ಯಾಡ, ಎಲ್ಲಾ ಅಲ್ಲೇ ಕೊಡ್ತಾರ. ಎರಡು ಜೊತೆ ಛಲೋ ಬಟ್ಟೆ ಇಟ್ಕೋ. ಘೂಮಾಕ ಹೊಂಟಂಗ ಕಾಣಬೇಕು."

ಹುಡುಗ ನನ್ನ ಮುಖ ನೋಡಿದ. ಅವನ ಪಾಸ್‌ಪೋರ್ಟ್ ಇನ್ನೂ ಮೊಬೈಲ್ ಅಂಗಡಿ ಮೇಲಿನ ಆ ಖೋಲಿಯಲ್ಲೇ ಇದೆ. ನಾಳೆ ಬೆಳಗ್ಗೆ ಇಬ್ಬರೂ ಹೋಗಿ ಇಸ್ಕೊಂಡು ಬರ್ತೀವಿ.