ತಾರಸಿಗೆ ಶೇಡ್ ನೆಟ್: ಮೂರು ಬೇಸಿಗೆ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಶೇಡ್ ನೆಟ್, ಅಂದರೆ ಬಿಸಿಲು ತಡೆಯಲು ಮೇಲೆ ಕಟ್ಟುವ ಪ್ಲಾಸ್ಟಿಕ್ ಬಲೆ, ಒಳ್ಳೆಯ ವಸ್ತು. ಆದರೆ ತಾರಸಿ ಮೇಲೆ ಬಿಗಿಯಾಗಿ ಕಟ್ಟಿ ಹಾಗೇ ಬಿಟ್ಟರೆ ಅರ್ಧ ದುಡ್ಡು ದಂಡ. ಕಿಟಕಿಯ ಪರದೆ ಥರ ಎಳೆದು ಸರಿಸಲು ಬರಬೇಕು. ಇಷ್ಟು ಗೊತ್ತಾಗಲು ನನಗೆ ಒಂದು ಇಡೀ ಬೇಸಿಗೆ, ಒಂದು ಬಾಗಿದ ಪೈಪು ಮತ್ತು ಅತ್ತೆಯ ನಾಲ್ಕು ದಿನದ ಮುನಿಸು ಬೇಕಾಯಿತು.

ನಮ್ಮದು ಬೆಂಗಳೂರಿನಲ್ಲಿ 30x40 ಸೈಟಿನ ಮನೆ. ತಾರಸಿಯಲ್ಲಿ ನಲವತ್ತು ಚಿಲ್ಲರೆ ಕುಂಡಗಳಿವೆ. ದುಂಡು ಮಲ್ಲಿಗೆ, ದಾಸವಾಳ, ಕರಿಬೇವು, ದೊಡ್ಡಪತ್ರೆ, ಒಂದಷ್ಟು ಸೊಪ್ಪು. ಏಪ್ರಿಲ್ ಬಂತೆಂದರೆ ಹುಬ್ಬಳ್ಳಿಯಿಂದ ಅಕ್ಕ, ಭಾವ, ಮಕ್ಕಳು ರಜೆಗೆ ಬರುತ್ತಾರೆ. ರಾಮನವಮಿಗೆ ಅಕ್ಕಪಕ್ಕದವರನ್ನು ಕರೆದು ಪಾನಕ, ಕೋಸಂಬರಿ ಕೊಡುವ ರೂಢಿ ಮಾವನವರ ಕಾಲದಿಂದ ನಡೆದು ಬಂದಿದೆ. ಕೆಳಗೆ ಹಾಲ್‌ನಲ್ಲಿ ಹದಿನೈದು ಜನ ಕೂತರೆ ಫ್ಯಾನಿನ ಗಾಳಿ ಯಾರಿಗೂ ಸಿಗುವುದಿಲ್ಲ. ತಾರಸಿಗೆ ಹೋಗೋಣ ಅಂದರೆ ಸಂಜೆ ಆರಕ್ಕೂ ನೆಲ ಕಾದ ಹೆಂಚು. ಅದಕ್ಕೇ 2023ರ ಫೆಬ್ರವರಿಯಲ್ಲಿ ನೆಟ್ ತಂದೆ.

ಮೊದಲ ನೆಟ್ ಹಸಿರು ಬಣ್ಣದ್ದು, 75 ಪರ್ಸೆಂಟ್. ಅಂದರೆ ಬಿಸಿಲಿನ ಮುಕ್ಕಾಲು ಭಾಗ ತಡೆಯುತ್ತದೆ. 10 ಅಡಿಗೆ 20 ಅಡಿ, ರೋಲಿನಿಂದ ಕತ್ತರಿಸಿ ಕೊಟ್ಟರು, 1,100 ರೂಪಾಯಿ. ಅಂಗಡಿಯವರು "ಜಾಸ್ತಿ ಪರ್ಸೆಂಟ್ ಇದ್ದಷ್ಟೂ ತಂಪು ಮೇಡಂ, ಐದು ವರ್ಷ ಏನೂ ಆಗಲ್ಲ" ಅಂದರು. ನಾನೂ ನಂಬಿದೆ. ನಾಲ್ಕು ಜಿಐ ಪೈಪು ನಿಲ್ಲಿಸಿ ವೆಲ್ಡಿಂಗ್ ಮಾಡಿಸಲು 5,500 ಆಯಿತು. ನೆಟ್‌ಗಿಂತ ಅದನ್ನು ಎತ್ತಿ ಹಿಡಿಯುವುದಕ್ಕೇ ಐದು ಪಟ್ಟು ಖರ್ಚು! ನೆಟ್‌ನ ಬೆಲೆ ಮಾತ್ರ ನೋಡಿ ಲೆಕ್ಕ ಹಾಕುವವರು ಇದನ್ನು ನೆನಪಿಟ್ಟುಕೊಳ್ಳಿ.

ಮೊದಲ ವಾರ ಖುಷಿಯೋ ಖುಷಿ. ಮಧ್ಯಾಹ್ನ ಹನ್ನೆರಡಕ್ಕೆ ಬರಿಗಾಲಲ್ಲಿ ಓಡಾಡಬಹುದಿತ್ತು. ಆಮೇಲೆ ಒಂದೊಂದೇ ಶುರುವಾಯಿತು.

ಮೊದಲನೆಯದು ಫೋಟೊ. ರಾಮನವಮಿಗೆ ಎಲ್ಲರೂ ಮೇಲೆ ಕೂತೆವು. ಗಾಳಿ ಚೆನ್ನಾಗಿತ್ತು, ಪಾನಕ ಚೆನ್ನಾಗಿತ್ತು. ರಾತ್ರಿ ಮೊಬೈಲ್ ತೆಗೆದು ನೋಡಿದರೆ ಎಲ್ಲರ ಮುಖವೂ ಹಸಿರು. ಅಕ್ಕನ ಮಗಳು "ಚಿಕ್ಕಮ್ಮಾ, ಎಲ್ಲರೂ ಬೇವಿನ ರಸ ಕುಡಿದ ಹಾಗೆ ಇದ್ದೀವಿ" ಅಂದಳು. ಬೆಲ್ಲದ ಪಾನಕ ನಿಜವಾಗಿಯೂ ಕಷಾಯದ ಬಣ್ಣಕ್ಕೆ ತಿರುಗಿತ್ತು. ಹಸಿರು ನೆಟ್ ಗಿಡಗಳಿಗೆ ಸರಿ. ಕೆಳಗೆ ಜನ ಕೂರುವುದಾದರೆ, ಊಟ ಬಡಿಸುವುದಾದರೆ ಬೇಡ.

ಎರಡನೆಯದು ಮಲ್ಲಿಗೆ. ಬೇಸಿಗೆ ಅಂದರೆ ದುಂಡು ಮಲ್ಲಿಗೆಯ ಕಾಲ. ಬಂದ ಹೆಂಗಸರಿಗೆ ನಮ್ಮದೇ ಗಿಡದ ಹೂವು ಮುಡಿಸುವುದು ಅತ್ತೆಗೆ ಒಂದು ಹೆಮ್ಮೆ. ಆ ವರ್ಷ ಗಿಡ ಉದ್ದುದ್ದ ಕಡ್ಡಿ ಬಿಟ್ಟಿತು, ಎಲೆ ಬಿಟ್ಟಿತು, ಮೊಗ್ಗು ಮಾತ್ರ ಬಿಡಲಿಲ್ಲ. ಅದಕ್ಕೆ ನೇರ ಬಿಸಿಲು ಬೇಕು, ಮುಕ್ಕಾಲು ಬಿಸಿಲು ಕಿತ್ತುಕೊಂಡರೆ ಹೂವು ಎಲ್ಲಿಂದ ಬರಬೇಕು? ದಾಸವಾಳಕ್ಕೆ ಬಿಳಿ ಹಿಟ್ಟು ತಿಗಣೆ ಹತ್ತಿತು. ಕೊತ್ತಂಬರಿ, ದೊಡ್ಡಪತ್ರೆ ಮಾತ್ರ ನೆರಳಲ್ಲಿ ಸೊಗಸಾಗಿ ಬಂದವು.

ಮೂರನೆಯದೇ ದೊಡ್ಡದು. ಸಂಡಿಗೆ.

ಮಾರ್ಚ್ ಕೊನೆಗೆ ಅತ್ತೆ ಅಕ್ಕಿ ಸಂಡಿಗೆ ಹಿಟ್ಟು ಕಾಯಿಸಿ, ಪಾತ್ರೆ ಹಿಡಿದು ಮೇಲೆ ಬಂದರು. ನೆಟ್ ಕಡೆ ಒಮ್ಮೆ ನೋಡಿದರು. "ಬಿಸಿಲೆಲ್ಲ ಮುಚ್ಚಿಬಿಟ್ಟಿದ್ದೀಯಲ್ಲೇ, ಸಂಡಿಗೆ ಎಲ್ಲಿ ಇಡಲಿ? ನಿನ್ನ ತಲೆ ಮೇಲಾ?" ಅಂದರು. ನೀರಿನ ಟ್ಯಾಂಕ್ ಪಕ್ಕದಲ್ಲಿ ಹಾಸಿಗೆ ಅಗಲದ ಜಾಗ ಉಳಿದಿತ್ತು. ಅಲ್ಲಿ ಒಂದು ಸೀರೆ ಹಾಸಿ ಅರ್ಧ ಹಿಟ್ಟಿನದು ಇಟ್ಟರು. ಉಳಿದದ್ದಕ್ಕೆ ನೀರು ಬೆರೆಸಿ ರಾತ್ರಿ ದೋಸೆ ಹುಯ್ದರು. ನಾಲ್ಕು ದಿನ ನನ್ನ ಜೊತೆ ಮಾತಿಲ್ಲ. ನೆಟ್ ಬಿಚ್ಚೋಣ ಅಂದರೆ ಅರವತ್ತು ಕಡೆ ಕೇಬಲ್ ಟೈ (ಎಳೆದು ಬಿಗಿಯುವ ಪ್ಲಾಸ್ಟಿಕ್ ಪಟ್ಟಿ) ಹಾಕಿ ಬಿಗಿದಿದ್ದೆ. ಒಂದು ಬಿಚ್ಚುವುದಕ್ಕೂ ಕತ್ತರಿ ಬೇಕು.

ಕೇಬಲ್ ಟೈ ಅಂದೆನಲ್ಲ, ಬಿಳಿ ಟೈ ಹಾಕಲೇಬೇಡಿ. ಬಿಸಿಲಿಗೆ ಒಂದೇ ಬೇಸಿಗೆಯಲ್ಲಿ ಪಟಪಟ ಮುರಿದವು. ಕಪ್ಪಗಿನವು ಹೆಚ್ಚು ದಿನ ತಡೆಯುತ್ತವೆ. ಜೂನ್‌ನಲ್ಲಿ ಗಾಳಿ ಶುರುವಾದಾಗ ಒಂದು ಬದಿಯ ಟೈಗಳೆಲ್ಲ ಒಟ್ಟಿಗೆ ಹೋದವು. ನೆಟ್ ದೋಣಿಯ ಹಾಯಿ ಥರ ಉಬ್ಬಿ ಇನ್ನೊಂದು ಬದಿಯ ಪೈಪನ್ನೇ ಬಗ್ಗಿಸಿತು. ತೂತು ತೂತು ಇದೆ, ಗಾಳಿ ದಾಟಿ ಹೋಗುತ್ತೆ ಅಂದುಕೊಂಡಿದ್ದೆ. 75 ಪರ್ಸೆಂಟ್ ನೆಟ್‌ನಲ್ಲಿ ತೂತು ಅಷ್ಟಾಗಿ ಇರುವುದಿಲ್ಲ.

ಅಲ್ಲಿಗೆ ನಿಲ್ಲಿಸಿದ್ದರೆ ಈ ವಿಮರ್ಶೆಗೆ ಐದಕ್ಕೆ ಎರಡು ಸ್ಟಾರ್ ಕೊಡುತ್ತಿದ್ದೆ.

2024ರ ಫೆಬ್ರವರಿಯಲ್ಲಿ ಅದೇ ನೆಟ್ಟನ್ನು ಬೇರೆ ರೀತಿ ಕಟ್ಟಿಸಿದೆ. ಬ್ಯಾಗ್ ಹೊಲಿಯುವವರ ಹತ್ತಿರ ಒಯ್ದು ಸುತ್ತಲೂ ಅಂಚು ಮಡಿಸಿ ನವಾರಿನ ಪಟ್ಟಿ ಹೊಲಿಸಿದೆ. ಉದ್ದದ ಎರಡೂ ಅಂಚಿಗೆ ಒಂದೊಂದು ಅಡಿಗೆ ಒಂದರಂತೆ ಲೋಹದ ಕಣ್ಣು ಹಾಕಿಸಿದೆ. ಪೈಪಿನಿಂದ ಪೈಪಿಗೆ ಎರಡು ಸಾಲು ತಂತಿ ಎಳೆದು, ತುದಿಗೆ ಟರ್ನ್‌ಬಕಲ್ (ತಿರುಗಿಸಿ ತಂತಿ ಬಿಗಿ ಮಾಡುವ ತಿರುಪು) ಹಾಕಿ ಬಿಗಿದದ್ದಾಯಿತು. ತಂತಿಯಲ್ಲಿ ಸ್ಟೀಲ್ ರಿಂಗು, ರಿಂಗಿನಲ್ಲಿ ನೆಟ್. ಪ್ಲಾಸ್ಟಿಕ್ ರಿಂಗ್ ತಂದಿದ್ದೆ, ಎಳೆಯುವಾಗಲೇ ಮುರಿದವು. ತಂತಿ, ಟರ್ನ್‌ಬಕಲ್, ರಿಂಗು ಸೇರಿ 900 ರೂಪಾಯಿ. ಈಗ ಒಂದು ಹಗ್ಗ ಎಳೆದರೆ ನೆಟ್ ಮುದುಡಿಕೊಂಡು ಒಂದು ಬದಿಗೆ ಹೋಗುತ್ತದೆ. ಒಂದು ನಿಮಿಷದ ಕೆಲಸ, ಅತ್ತೆಯೇ ಮಾಡುತ್ತಾರೆ.

ಆ ಬೇಸಿಗೆ ಹೇಗಿತ್ತು ಅಂತ ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. ಬೋರ್‌ವೆಲ್‌ಗಳು ಒಣಗಿದ್ದವು. ಮಾರ್ಚ್‌ನಲ್ಲಿ ಜಲಮಂಡಳಿಯವರು ಕುಡಿಯುವ ನೀರನ್ನು ಕೈತೋಟಕ್ಕೆ, ಕಾರು ತೊಳೆಯುವುದಕ್ಕೆ ಬಳಸಿದರೆ 5,000 ರೂಪಾಯಿ ದಂಡ ಅಂದರು. ಏಪ್ರಿಲ್ 28ಕ್ಕೆ 38.5 ಡಿಗ್ರಿ ಬಿಸಿಲು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನೇ ಬಕೆಟ್‌ನಲ್ಲಿ ಕೂಡಿಟ್ಟು ಗಿಡಕ್ಕೆ ಹಾಕುತ್ತಿದ್ದೆವು. ನೆಟ್ ನಿಜವಾಗಿ ದುಡಿದದ್ದು ಆಗಲೇ. ಹಿಂದೆ ಬೇಸಿಗೆಯಲ್ಲಿ ದಿನಕ್ಕೆ ಆರು ಬಕೆಟ್ ಬೇಕಿತ್ತು. ನೆಟ್ ಎಳೆದು, ಕುಂಡದ ಮಣ್ಣಿನ ಮೇಲೆ ತೆಂಗಿನ ನಾರು ಹರಡಿದ ಮೇಲೆ ಮೂರೂವರೆ, ನಾಲ್ಕಕ್ಕೆ ಆಗುತ್ತಿತ್ತು. ಒಂದೇ ಒಂದು ಕರಿಬೇವಿನ ಗಿಡ ಹೋಯಿತು, ಉಳಿದವೆಲ್ಲ ಬದುಕಿದವು.

ಒಂದು ಮಾತು. ನೆಟ್ ಹಾಕಿದರೆ ಎಸಿ ಹಾಕಿದ ಹಾಗೆ ಆಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಾನು ಗೋಡೆಗೆ ನೇತುಹಾಕುವ ಥರ್ಮಾಮೀಟರ್ ಇಟ್ಟು ನೋಡಿದ್ದೇನೆ. ನೆಟ್ ಕೆಳಗಿನ ಗಾಳಿ ಹೊರಗಿನದಕ್ಕಿಂತ ಒಂದೆರಡು ಡಿಗ್ರಿ ಕಮ್ಮಿ, ಅಷ್ಟೇ. ವ್ಯತ್ಯಾಸ ಇರುವುದು ನೆಲದಲ್ಲಿ. ಹಗಲೆಲ್ಲ ಕಾದ ತಾರಸಿ ರಾತ್ರಿ ಹತ್ತರವರೆಗೆ ಕಾವು ಕಕ್ಕುತ್ತದೆ. ಹಗಲು ಕಾಯದಂತೆ ನೋಡಿಕೊಂಡರೆ ಸಂಜೆ ಚಾಪೆ ಹಾಸಿ ಕೂರಬಹುದು. ಹಾಗಾಗಿ ನೆಂಟರು ಬರುವ ದಿನ ನಾವು ಬೆಳಗ್ಗೆ ಹತ್ತಕ್ಕೇ ನೆಟ್ ಎಳೆಯುತ್ತೇವೆ. ಸಂಜೆ ಐದೂವರೆಗೆ ಪೂರ್ತಿ ಸರಿಸುತ್ತೇವೆ. ಉಳಿದ ಕಾವು ಮೇಲಕ್ಕೆ ಹೋಗುತ್ತದೆ, ಗಾಳಿ ಆಡುತ್ತದೆ, ಆಕಾಶವೂ ಕಾಣುತ್ತದೆ. ನೆಟ್ ಇಟ್ಟುಕೊಂಡೇ ಸಂಜೆ ಕೂತರೆ ಯಾಕೋ ಪೆಂಡಾಲಿನೊಳಗೆ ಕೂತಂತೆ ಇರುತ್ತದೆ.

ಮಿಕ್ಕ ದಿನ ಬೆಳಗ್ಗೆ ಹನ್ನೊಂದರವರೆಗೆ ಬಿಸಿಲು ಬಿಡುತ್ತೇವೆ. ಮಲ್ಲಿಗೆ ಮತ್ತೆ ಹೂ ಬಿಟ್ಟಿದೆ. ಸಂಡಿಗೆ ಇಡುವ ಮೂರು ನಾಲ್ಕು ದಿನ ನೆಟ್ ಮುಟ್ಟುವಂತಿಲ್ಲ, ಅದು ಅತ್ತೆಯ ಆರ್ಡರ್. ಆ ದಿನ ಕುಂಡಗಳನ್ನು ಟ್ಯಾಂಕಿನ ನೆರಳಿಗೆ ತಳ್ಳುತ್ತೇನೆ. ಸಂಜೆ ಮೋಡ ಕಟ್ಟಿ ಗಾಳಿ ಎದ್ದರೆ ಯಾರು ಹತ್ತಿರ ಇದ್ದಾರೋ ಅವರು ಓಡಿ ಹಗ್ಗ ಎಳೆಯುತ್ತಾರೆ. ಅದಾದ ಮೇಲೆ ಪೈಪು ಬಾಗಿಲ್ಲ.

ಐದು ವರ್ಷದ ನೆಟ್ ಎರಡೇ ವರ್ಷಕ್ಕೆ ಮುಗಿಯಿತು. 2025ರ ಜನವರಿಯಲ್ಲಿ ಬೆರಳಲ್ಲಿ ಉಜ್ಜಿದರೆ ಹಸಿರು ಪುಡಿ ಉದುರುತ್ತಿತ್ತು, ಎಳೆದರೆ ಕಾಗದದ ಹಾಗೆ ಹರಿಯುತ್ತಿತ್ತು. ಬಿಸಿಲು ತಡೆಯುವ ಯುವಿ ಅಂಶ ಸೇರಿಸದ ಅಗ್ಗದ ಮಾಲು ಇರಬೇಕು. ಈಗಿರುವುದು ಬಿಳಿ ನೆಟ್, 50 ಪರ್ಸೆಂಟ್, ಅಂಚು ಹೊಲಿದು ಕಣ್ಣು ಹಾಕಿಯೇ ಬಂದದ್ದು, 2,400 ರೂಪಾಯಿ. ಕೊಳ್ಳುವಾಗ ದಾರ ನೋಡಿದೆ. ಚಪ್ಪಟೆ ಪಟ್ಟಿಯ ಹೆಣಿಗೆಗಿಂತ ದುಂಡು ದಾರದ್ದು ಗಟ್ಟಿ ಅನ್ನಿಸಿತು. ಒಂದು ಬೇಸಿಗೆ ಕಳೆದಿದೆ, ಸದ್ಯ ಹೊಸದರಂತೆಯೇ ಇದೆ. ಆದರೆ 2025ರಲ್ಲಿ ಮೇ ತಿಂಗಳಲ್ಲೇ ಮಳೆ ಸುರಿದು ಬೇಸಿಗೆ ಬೇಗ ಮುಗಿಯಿತು. ಹಾಗಾಗಿ ಇದಕ್ಕೆ ಇನ್ನೂ ಸರಿಯಾದ ಪರೀಕ್ಷೆ ಆಗಿಲ್ಲ.

ಬಿಳಿಯದರ ತೊಂದರೆಯೂ ಇದೆ. ನಮ್ಮ ರಸ್ತೆಯ ಧೂಳಿಗೆ ಎರಡೇ ತಿಂಗಳಲ್ಲಿ ಮಾಸಿದ ಪಂಚೆ ಆಗುತ್ತದೆ. ಮೊದಲ ಮಳೆ ತಾನಾಗಿ ಅರ್ಧ ತೊಳೆಯುತ್ತದೆ, ಉಳಿದರ್ಧ ನಾವು. ನಡು ಮಧ್ಯಾಹ್ನ ಮೇಲೆ ನೋಡಿದರೆ ಕಣ್ಣು ಕುಕ್ಕುತ್ತದೆ. ಆದರೆ ಮುಖ ಮುಖದ ಬಣ್ಣದಲ್ಲೇ ಇರುತ್ತದೆ, ಪಾನಕ ಪಾನಕದ ಬಣ್ಣದಲ್ಲಿ.

ಸೊಳ್ಳೆಗೆ ನೆಟ್ ಏನೂ ಮಾಡುವುದಿಲ್ಲ. ಕುಂಡದ ಕೆಳಗಿನ ತಟ್ಟೆಗಳಲ್ಲಿ ನಿಂತ ನೀರನ್ನು ನೆಂಟರು ಬರುವ ಹಿಂದಿನ ದಿನವೇ ಚೆಲ್ಲಿ.

ಒಟ್ಟಿನಲ್ಲಿ ಐದಕ್ಕೆ ನಾಲ್ಕು. ಬಾಡಿಗೆ ಮನೆಯವರಿಗೆ, ಪೈಪು ನಿಲ್ಲಿಸಲು ಆಗದವರಿಗೆ ನಾನು ಹೇಳುವುದಿಲ್ಲ. ಎರಡು ದೊಡ್ಡ ಛತ್ರಿ ತಂದುಕೊಂಡರೆ ಅವರಿಗೆ ಸಾಕು. ಇನ್ನೊಂದು ಸ್ಟಾರ್ ಯಾಕೆ ಕಟ್ ಮಾಡಿದೆ ಅಂದರೆ, ಹಳೆಯ ನೆಟ್ ಯಾರಿಗೂ ಬೇಡ. ಸಂಡಿಗೆಗೆ ಕಾಗೆ ಬಾರದಂತೆ ಹೊದಿಸೋಣ ಅಂದರೆ ಆ ಹಸಿರು ಪುಡಿ ಹಿಟ್ಟಿಗೆ ಉದುರುತ್ತದೆ. ಹಳೇ ಪೇಪರಿನವರು ಮೂಸಿಯೂ ನೋಡಲಿಲ್ಲ. ಕಸದ ಗಾಡಿಯವರು "ಅಕ್ಕಾ, ಇದು ನಮಗಲ್ಲ" ಅಂತ ವಾಪಸ್ ಕೊಟ್ಟರು. ಆರು ತಿಂಗಳಿಂದ ಮೆಟ್ಟಿಲ ಕೆಳಗೆ ಸುತ್ತಿಟ್ಟಿದ್ದೇನೆ. ಯಾರಾದರೂ ಇದನ್ನು ತೆಗೆದುಕೊಳ್ಳುವ ಜಾಗ ಗೊತ್ತಿದ್ದರೆ ಹೇಳಿ.