ಇ.ಸಿ.ಯಲ್ಲಿ ಏನೂ ಇರಲಿಲ್ಲ, ಆದರೂ ಮುಂಗಡ ಸಿಕ್ಕಿಹಾಕಿಕೊಂಡಿತು

ಮೈಸೂರಿನ ಹೊರವಲಯದಲ್ಲಿ ಒಂದು 30×40 ಸೈಟು. ಕೊಳ್ಳಲು ಹೊರಟ ಕುಟುಂಬ 30 ವರ್ಷದ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿತ್ತು, ಖಾತೆ, ಕಂದಾಯ ರಶೀದಿ ಎಲ್ಲ ನೋಡಿತ್ತು. ನೋಟರಿ ಮುಂದೆ ಅಗ್ರಿಮೆಂಟು ಮಾಡಿಕೊಂಡು ಆರು ಲಕ್ಷ ಮುಂಗಡ ಕೊಟ್ಟರು. ಕ್ರಯಕ್ಕೆ ದಿನ ಗೊತ್ತುಮಾಡುವ ಹೊತ್ತಿಗೆ, ಸೈಟನ್ನು ಪರಭಾರೆ ಮಾಡಕೂಡದೆಂದು ಕೋರ್ಟಿನ ತಡೆಯಾಜ್ಞೆ ಇರುವುದು ಬೆಳಕಿಗೆ ಬಂತು. ಮಾಲೀಕ ಅದೇ ಸೈಟು ತೋರಿಸಿ ಮೊದಲೇ ಬೇರೆಯವರಿಂದಲೂ ಮುಂಗಡ ಪಡೆದಿದ್ದ. ಅವರಲ್ಲೊಬ್ಬರು ದಾವೆ ಹೂಡಿದ್ದರು.

ಕುಟುಂಬ ಜಾಗದ ಪತ್ರ ನೋಡಿತು, ಮಾರುವವನ ಪೂರ್ವಾಪರ ನೋಡಲಿಲ್ಲ. ಇ.ಸಿ.ಯಲ್ಲಿ ಕಾಣುವುದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ವ್ಯವಹಾರ ಮಾತ್ರ. ನೋಟರಿ ಸಹಿಯ ಅಗ್ರಿಮೆಂಟು ಅಲ್ಲಿ ಬರುವುದಿಲ್ಲ. ನಡೆಯುತ್ತಿರುವ ದಾವೆಯೂ ಸಾಮಾನ್ಯವಾಗಿ ಕಾಣುವುದಿಲ್ಲ. ಕೈಸಾಲಕ್ಕೆ ಮೂಲ ಪತ್ರ ಅಡ ಇಟ್ಟಿದ್ದರೆ ಅದರ ಸುಳಿವೂ ಇರುವುದಿಲ್ಲ. ಹಾಗಾಗಿ ‘ಇ.ಸಿ. ಕ್ಲಿಯರ್ ಇದೆ’ ಎಂಬ ಬ್ರೋಕರ್ ಮಾತಿಗೆ ಮುಂಗಡ ಕೊಡಬೇಡಿ.

ಮೊದಲು ಮಾಡಬೇಕಾದ್ದು ಕೋರ್ಟು ತಪಾಸಣೆ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಆದರೂ ಬಹಳ ಮಂದಿ ಮಾಡುವುದಿಲ್ಲ. ಇ-ಕೋರ್ಟ್ಸ್ ಜಾಲತಾಣದಲ್ಲಿ ರಾಜ್ಯ, ಜಿಲ್ಲೆ, ಕೋರ್ಟ್ ಕಾಂಪ್ಲೆಕ್ಸ್ ಆರಿಸಿ ‘ಪಾರ್ಟಿ ನೇಮ್’ ವಿಭಾಗದಲ್ಲಿ ಮಾರುವವನ ಹೆಸರು ಹಾಕಿ. ಕಾಂಪ್ಲೆಕ್ಸ್ ಬದಲಿಸಿ ತಾಲ್ಲೂಕು ಕೋರ್ಟನ್ನೂ ನೋಡಬೇಕು. ವರ್ಷ ನಮೂದಿಸಲೇಬೇಕಾದ್ದರಿಂದ ಒಂದೊಂದೇ ವರ್ಷ ಹಾಕುತ್ತಾ ಹಿಂದೆ ಹೋಗಿ. ಹತ್ತು ಹನ್ನೆರಡು ವರ್ಷವಾದರೂ ನೋಡಿ. ಬಾಕಿ ಇರುವ ಕೇಸಿನ ಜೊತೆ ಮುಗಿದವನ್ನೂ ಸೇರಿಸಿ ಹುಡುಕಿ.

ಜನ ಎಡವುವುದು ಹೆಸರಿನ ಸ್ಪೆಲಿಂಗಿನಲ್ಲಿ. ಲಕ್ಷ್ಮಿ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಎರಡು ಮೂರು ಬಗೆಯಲ್ಲಿ ಬರೆಯುತ್ತಾರೆ, ಇನಿಷಿಯಲ್ಲು ಒಂದು ಕಡೆ ಮುಂದೆ ಇದ್ದರೆ ಇನ್ನೊಂದು ಕಡೆ ಹಿಂದೆ. ಪೂರ್ತಿ ಹೆಸರು ಹಾಕಿ ‘ಏನೂ ಸಿಗಲಿಲ್ಲ’ ಎನ್ನುವುದಕ್ಕಿಂತ, ಒಂದೊಂದು ಸ್ಪೆಲಿಂಗಿನಲ್ಲೂ ಹೆಸರಿನ ಮೊದಲ ಕೆಲವು ಅಕ್ಷರ ಹಾಕಿ ಬಂದ ಪಟ್ಟಿಯ ಮೇಲೆ ಕಣ್ಣಾಡಿಸಿ. ಜಾಗ ಇರುವ ಜಿಲ್ಲೆಯ ಜೊತೆ ಆತ ವಾಸವಿರುವ ಜಿಲ್ಲೆಯಲ್ಲೂ ಹುಡುಕಿ: ಜಾಗದ ದಾವೆ ಜಾಗ ಇರುವಲ್ಲಿ ನಡೆಯುತ್ತದೆ, ಚೆಕ್ ಬೌನ್ಸ್ ಕೇಸು ಬೇರೆಡೆ ಇರಬಹುದು. ಓ.ಎಸ್. ಎಂದಿದ್ದರೆ ಸಿವಿಲ್ ದಾವೆ. ತೆರೆದು ಮಧ್ಯಂತರ ಆದೇಶ ಓದಿ. ಒಬ್ಬನ ಮೇಲೆಯೇ ಸಾಲು ಸಾಲು ಚೆಕ್ ಬೌನ್ಸ್ ಕೇಸುಗಳಿದ್ದರೆ ಆತ ಸಾಲದಲ್ಲಿ ಸಿಲುಕಿರುವ ಸಂಭವ ಹೆಚ್ಚು, ನಿಮ್ಮ ಮುಂಗಡ ಇನ್ನೊಬ್ಬರ ಬಾಕಿಗೆ ಹೋಗಬಹುದು. ಜಾಗದ ಹಕ್ಕಿನ ಬಗ್ಗೆಯೇ ದಾವೆ ಬಾಕಿ ಇರುವಾಗ ಕೊಂಡರೆ, ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತೀರ್ಪಿಗೆ ನೀವೂ ಬದ್ಧರು. ‘ನಮಗೆ ಗೊತ್ತಿರಲಿಲ್ಲ’ ಎಂದರೆ ನಡೆಯುವುದಿಲ್ಲ.

ಗುಟ್ಟಿನ ಅಗ್ರಿಮೆಂಟುಗಳನ್ನು ಹೊರಗೆ ತರಲು ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಡುವುದು ಒಳ್ಳೆಯ ದಾರಿ. ಆ ತಾಲ್ಲೂಕಿನಲ್ಲಿ ಜನ ಓದುವ ಪತ್ರಿಕೆಯಲ್ಲೇ ಕೊಡಿ. ಮಾರುವವರ ಹೆಸರು, ತಂದೆಯ ಹೆಸರು, ಸೈಟ್ ನಂಬರಿನ ಜೊತೆ ಹಳೆಯ ಸರ್ವೆ ನಂಬರು, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ ವಿವರ) ಎಲ್ಲವೂ ಇರಲಿ. ಆಕ್ಷೇಪಣೆಗೆ 15 ದಿನ ಬಿಡಿ. ಪ್ರಕಟಣೆ ಬೇಡವೇ ಬೇಡ ಎಂದು ಮಾಲೀಕ ಹಟ ಹಿಡಿದರೆ ಅಲ್ಲಿಗೇ ಎದ್ದು ಬನ್ನಿ. ಚಕ್ಕುಬಂದಿಯ ಅಕ್ಕಪಕ್ಕದವರನ್ನು, ಆತನಿಗೆ ಆ ಜಾಗ ಮಾರಿದವರನ್ನು ಬ್ರೋಕರ್ ಇಲ್ಲದ ಹೊತ್ತಿನಲ್ಲಿ ಮಾತಾಡಿಸಿ.

ಜಿಪಿಎ (ಮಾಲೀಕರ ಪರವಾಗಿ ವ್ಯವಹರಿಸಲು ಕೊಟ್ಟ ಅಧಿಕಾರಪತ್ರ) ಹಿಡಿದು ಬಂದವರ ಜೊತೆ ಇನ್ನೂ ಎಚ್ಚರ ಬೇಕು. ಅಧಿಕಾರ ಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಜಿಪಿಎಗೆ ಬೆಲೆ ಇಲ್ಲ. ಅದು ನೋಂದಣಿಯಾಗುವುದು ಸಾಮಾನ್ಯವಾಗಿ ಸಬ್ ರಿಜಿಸ್ಟ್ರಾರ್ ಕಚೇರಿಯ 4ನೇ ಪುಸ್ತಕದಲ್ಲಿ, ಅದರ ನಕಲು ಸಂಬಂಧಪಟ್ಟವರಿಗೆ ಮಾತ್ರ ಸಿಗುತ್ತದೆ. ಆದ್ದರಿಂದ ಮೂಲ ಮಾಲೀಕರನ್ನೇ ಕಂಡು, ಅವರ ಕೈಯಿಂದಲೇ ದೃಢೀಕೃತ ನಕಲು ತರಿಸಿ, ಜಿಪಿಎ ರದ್ದಾಗಿಲ್ಲವೆಂದು ಬರೆಸಿಕೊಳ್ಳಿ. ಜಿಪಿಎಯಿಂದ ಮಾತ್ರ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟಪಡಿಸಿದೆ.

ಪಿತ್ರಾರ್ಜಿತ ಜಾಗವಾದರೆ ವಂಶವೃಕ್ಷ ಕೇಳಿ, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಅದರಲ್ಲಿದೆಯೇ ಎಂದು ಊರಿನಲ್ಲಿ ವಿಚಾರಿಸಿ. 

ಮೂಲ ಪತ್ರವನ್ನು ಕೈಯಲ್ಲಿ ಹಿಡಿದು ನೋಡದೆ ಹಣ ಕೊಡಬೇಡಿ. ‘ಲಾಕರಿನಲ್ಲಿದೆ’, ‘ಕಳೆದುಹೋಗಿದೆ’ ಎಂಬ ಮಾತಿನ ಹಿಂದೆ ಅಡಮಾನ ಇರಬಹುದು. ಹಿಂದಿನ ಕ್ರಯಪತ್ರದ ದೃಢೀಕೃತ ನಕಲಿನಲ್ಲಿ ಫೋಟೊ ಇದ್ದರೆ, ಎದುರಿಗೆ ಕೂತವರು ಅವರೇನಾ ಎಂದು ಹೋಲಿಸಿ.

ಮುಂಗಡವನ್ನು ಮಾಲೀಕರ ಸ್ವಂತ ಖಾತೆಗೇ ಬ್ಯಾಂಕ್ ಮೂಲಕ ಕೊಡಿ. 20,000 ರೂಪಾಯಿ ಅಥವಾ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾಯ್ದೆಯೇ ನಿಷೇಧಿಸಿದೆ. ಅಗ್ರಿಮೆಂಟಿನಲ್ಲಿ ‘ಈ ಸ್ವತ್ತಿನ ಬಗ್ಗೆ ಬೇರೆ ಯಾರೊಂದಿಗೂ ಕರಾರು ಮಾಡಿಕೊಂಡಿಲ್ಲ, ಯಾವ ದಾವೆಯೂ ಇಲ್ಲ’ ಎಂಬ ಸಾಲು ಇರಲೇಬೇಕು. ಮುಂದೆ ಪೊಲೀಸರು ‘ಇದು ಸಿವಿಲ್ ವಿಷಯ’ ಎಂದು ಕಳಿಸಹೊರಟರೆ, ಆತನೇ ಸಹಿ ಹಾಕಿದ ಆ ಸುಳ್ಳು ಮತ್ತು ಆತ ಮೊದಲು ಬೇರೆಯವರೊಂದಿಗೆ ಮಾಡಿಕೊಂಡ ಅಗ್ರಿಮೆಂಟಿನ ನಕಲು ಮೊದಲಿನಿಂದಲೂ ಮೋಸದ ಉದ್ದೇಶವಿತ್ತು ಎಂದು ತೋರಿಸಲು ನೆರವಾಗುತ್ತವೆ. ನೋಟರಿಗೆ ನಿಲ್ಲಿಸದೆ ಆ ಅಗ್ರಿಮೆಂಟನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿ. ಆಗ ಅದು ಇ.ಸಿ.ಯಲ್ಲಿ ಬರುತ್ತದೆ, ನಿಮ್ಮ ನಂತರ ಅದೇ ಸೈಟು ನೋಡಲು ಬಂದವರಿಗೂ ಕಾಣುತ್ತದೆ.