ಸೈಕಲ್ ಪ್ರಶ್ನೆಗೆ ಉತ್ತರ: ಬರೆದು ಕಲಿಯೋದಾ, ಮಾತಾಡಿ ಕಲಿಯೋದಾ?

‘ಚಿಕ್ಕವರಿದ್ದಾಗ ಸೈಕಲ್ ಹೊಡೀತಿದ್ರಾ?’ ಇಂಗ್ಲಿಷ್ ಭಾಷಾ ಪರೀಕ್ಷೆ ಐಇಎಲ್‌ಟಿಎಸ್‌ನ ಸ್ಪೀಕಿಂಗ್‌ನಲ್ಲಿ, ಅಂದರೆ ಮಾತಾಡುವ ವಿಭಾಗದಲ್ಲಿ, ಹೀಗೆ ಕೇಳಬಹುದು. ಅದರ ಮೊದಲ ಭಾಗ 4ರಿಂದ 5 ನಿಮಿಷ. ಇಂಥ ಪ್ರಶ್ನೆಗೆ ಎರಡು ಮೂರು ವಾಕ್ಯ ಸಾಕು.

ಬರೆದು ಬಾಯಿಪಾಠ ಮಾಡಿದರೆ ವ್ಯಾಕರಣದ ತಪ್ಪು ಕಣ್ಣಿಗೆ ಬೀಳುತ್ತದೆ, ತಿದ್ದಬಹುದು. ಆದರೆ ಒಂದು ಪದ ಮರೆತರೆ ಇಡೀ ಉತ್ತರವೇ ನಿಂತುಹೋಗುತ್ತದೆ.

ಮೊಬೈಲ್‌ನಲ್ಲಿ ರೆಕಾರ್ಡ್ ಮಾಡುತ್ತಾ ಮಾತಾಡುವುದು ಮೊದಮೊದಲು ಮುಜುಗರ. ಆದರೂ ನನ್ನ ಆಯ್ಕೆ ಇದೇ. ಮತ್ತೆ ಕೇಳಿಸಿಕೊಂಡಾಗ ‘ಐ ರೈಡ್’ ಅಂದಿದ್ದು ಕಿವಿಗೆ ಚುಚ್ಚುತ್ತದೆ. ‘ಐ ಯೂಸ್ಡ್ ಟು ರೈಡ್’ ಅನ್ನಬೇಕಿತ್ತು, ಅಲ್ವಾ? ಮಂಡಿ ತರಚಿದ್ದು, ಅಪ್ಪ ಸೀಟು ಹಿಡಿದು ಹಿಂದೆ ಓಡಿದ್ದು ನೆನಪಾದರೆ ಮಾತು ತಾನಾಗಿ ಬರುತ್ತದೆ.

‘ಸೈಕಲ್ ಯಾಕೆ ಜನಪ್ರಿಯ?’ ಅನ್ನೋದಕ್ಕೆ ಮಾತ್ರ ನೆನಪು ಸಾಲದು, ಕಾರಣ ಬೇಕು. ಪೆಟ್ರೋಲ್ ಬೇಡ, ವ್ಯಾಯಾಮವೂ ಆಗುತ್ತದೆ. ಇದಕ್ಕೆ ನಾಲ್ಕು ಪದ ಬರೆದಿಟ್ಟುಕೊಳ್ಳಿ, ಪೂರ್ತಿ ವಾಕ್ಯ ಬೇಡ.